ಫೈಲ್ ಕಳೆದುಕೊಳ್ಳದೆ ವಿಂಡೋಸ್ 11ಕ್ಕೆ ಹೋದ ಐದು ದಿನ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕೊಬ್ಬರಿ ಮಂಡಿಯವರ ಬಿಲ್ ಬುಕ್, ಅಫಿಡವಿಟ್, ಜಾತ್ರೆ ಕರಪತ್ರ, ವೈಕುಂಠ ಸಮಾರಾಧನೆ ಕಾರ್ಡು, ಬಂದದ್ದೆಲ್ಲ ಮಾಡುತ್ತೇನೆ. ಇರುವುದು ಒಂದೇ ಕಂಪ್ಯೂಟರ್. ಅದು ನಿಂತರೆ ಅಂಗಡಿ ನಿಂತ ಹಾಗೆ. ಹಾಗಾಗಿ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯುತ್ತದೆ ಅಂತ ಪರದೆ ಮೇಲೆ ಎಷ್ಟು ಸಲ ಬಂದರೂ ಮುಚ್ಚಿಹಾಕಿ ಕೆಲಸ ಮಾಡುತ್ತಿದ್ದೆ. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಕೆದಕಬೇಕು, ಅಲ್ವಾ?

ಕೆದಕಿದ್ದು ಯಾಕೆಂದರೆ ಆಡಿಟರ್ ಆಫೀಸಿನವರೊಬ್ಬರು ನನ್ನ ಹತ್ತಿರ ಜಿಎಸ್‌ಟಿ ಕಾಗದ ಪ್ರಿಂಟ್ ಹಾಕಿಸಲು ಬಂದು, ಬ್ಯಾಂಕಿನ ಪಾಸ್‌ವರ್ಡ್ ಹಾಕುವ ಕಂಪ್ಯೂಟರಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತರೆ ಬಾಗಿಲಿಗೆ ಚಿಲಕ ಇಲ್ಲದ ಹಾಗೆ ಮೇಡಂ ಎಂದರು. ಆ ಮಾತು ತಲೆಯಲ್ಲಿ ಉಳಿಯಿತು. ದೀಪಾವಳಿಗೆ ಹೇಗೂ ಅಂಗಡಿ ಮುಚ್ಚಿರುತ್ತದೆ. ತುಳಸಿ ಹಬ್ಬ ಆದಮೇಲೆ ಮದುವೆ ಸೀಸನ್ ಶುರು, ಆಗ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮಧ್ಯದಲ್ಲಿ ಸಿಗುವುದು ಹತ್ತು ದಿನ. ಅದರೊಳಗೆ ಮುಗಿಸೋಣ ಅಂದುಕೊಂಡೆ.

ನನ್ನದು 2019ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ಇಂಟೆಲ್ ಐ3 8100 ಪ್ರೊಸೆಸರ್, 8 ಜಿಬಿ ರ್‍ಯಾಮ್. 240 ಜಿಬಿಯ ಎಸ್‌ಎಸ್‌ಡಿ ಒಂದು, ಅದರಲ್ಲಿ ಸಿ ಮತ್ತು ಡಿ ಡ್ರೈವ್. ಹಳೇ ಕಂಪ್ಯೂಟರಿನಿಂದ ಬಿಚ್ಚಿ ಹಾಕಿದ 1 ಟಿಬಿ ಹಾರ್ಡ್ ಡಿಸ್ಕ್ ಇನ್ನೊಂದು, ಅದು ಇ ಡ್ರೈವ್. ಕನ್ನಡ ಟೈಪ್ ಮಾಡುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್, ಫೋಟೋಶಾಪ್, ಡಾಂಗಲ್ (ಬೀಗದ ಕೀಲಿಯಂಥ ಸಣ್ಣ ಕಡ್ಡಿ) ಚುಚ್ಚಿದರೆ ಮಾತ್ರ ಓಡುವ ಒಂದು ಕನ್ನಡ ಫಾಂಟ್ ಪ್ಯಾಕೇಜು. ಹದಿನೇಳು ವರ್ಷದ ಕೆಲಸ ಅದರೊಳಗೆ ಇದೆ. ಊರಿನ ಮೇಷ್ಟ್ರೊಬ್ಬರು ನಿವೃತ್ತರಾದ ಮೇಲೆ ಬರೆದ ಮುನ್ನೂರು ಪುಟದ ನೆನಪುಗಳೂ ಇವೆ. ಅವರು ಈಗಿಲ್ಲ. ಕೈಬರಹ ಎಲ್ಲಿದೆಯೋ ಅವರ ಮನೆಯವರಿಗೇ ಗೊತ್ತಿಲ್ಲ. ಉಳಿದಿರುವುದು ನನ್ನ ಪೇಜ್‌ಮೇಕರ್ ಫೈಲೊಂದೇ. ನನ್ನ ಭಯ ಇದ್ದದ್ದು ಮುಖ್ಯವಾಗಿ ಅದರ ಮೇಲೆ.

ಅಕ್ಟೋಬರ್ 23, ಗುರುವಾರ. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿ ಒತ್ತಿದೆ. ಈ ಪಿಸಿ ಸದ್ಯಕ್ಕೆ ವಿಂಡೋಸ್ 11ಕ್ಕೆ ಆಗುವುದಿಲ್ಲ ಅಂತ ಬಂತು. ಆರೇ ವರ್ಷಕ್ಕೆ ಹಳೇ ಸಾಮಾನಾಯಿತಾ ಅಂತ ಬೇಜಾರಾಯಿತು. ಆದರೆ ಕೆಳಗಿನ ವಿವರ ಓದಿದರೆ ಪ್ರೊಸೆಸರಿಗೆ ಹಸಿರು ಟಿಕ್ ಇತ್ತು. ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಮೇಲಿನವು ಆಗುತ್ತವೆ. ನನ್ನದು ಸರಿಯಾಗಿ ಗೆರೆಯ ಮೇಲೆ ನಿಂತಿತ್ತು. ಕೆಂಪು ಇದ್ದದ್ದು ಎರಡಕ್ಕೆ, ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗ ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಬಿಡುವ ಕಾವಲು).

ಇಲ್ಲೇ ಬಹಳ ಜನ ಹೊಸ ಕಂಪ್ಯೂಟರ್ ಕೊಳ್ಳಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಟಿಪಿಎಂ ಅನ್ನುವುದು ಗೂಢ ಕೀಲಿಗಳನ್ನು ಇಟ್ಟುಕೊಳ್ಳುವ ಭದ್ರತೆಯ ಭಾಗ. ಪ್ರತ್ಯೇಕ ಚಿಪ್ ಇರಲೇಬೇಕು ಅಂತಿಲ್ಲ. ಇಂಟೆಲ್ ಬೋರ್ಡಿನ ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಶುರುವಾಗುವ, ಬೋರ್ಡಿನದೇ ಸೆಟ್ಟಿಂಗ್ಸ್) ಅದು ಪಿಟಿಟಿ ಅನ್ನುವ ಹೆಸರಿನಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಿನಲ್ಲಿ ಇರುತ್ತದೆ. ಸುಮ್ನೆ ಆಫ್ ಆಗಿರುತ್ತದೆ ಅಷ್ಟೆ. ಆದರೆ ಪ್ರೊಸೆಸರಿಗೇ ಕೆಂಪು ಬಂದಿದ್ದರೆ ಕತೆ ಬೇರೆ. ಅಂಥವರಿಗೆ ಒಂದು ವರ್ಷದ ದಾರಿ ಇದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ ಇಎಸ್‌ಯು ಅನ್ನುವ ಯೋಜನೆಗೆ ಸೇರಿಕೊಂಡು 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಪುಕ್ಕಟೆ. ಬೇಡ ಅಂದರೆ 30 ಡಾಲರಿನಷ್ಟು ಕಟ್ಟಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೊಂದು ಕೊಂಡಿ ಬರುತ್ತದೆ.

ಅಂಗಡಿ ಪಕ್ಕದಲ್ಲೇ ರಿಪೇರಿ ಮಾಡುವ ಹುಡುಗನಿದ್ದಾನೆ. ಕೇಳಿದೆ. "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ಬಿಡ್ತೀನಿ ಮೇಡಂ, ಐನೂರು ಕೊಡಿ, ಸಂಜೆಗೆ ರೆಡಿ. ಡೇಟಾ ಡಿ ಡ್ರೈವಲ್ಲಿ ಇಟ್ಬಿಡಿ, ಏನೂ ಆಗಲ್ಲ" ಅಂದ. ತಪ್ಪು ಹುಡುಗನದಲ್ಲ, ಎಲ್ಲ ಊರಲ್ಲೂ ಇದೇ ರೂಢಿ. ಆದರೆ ಫಾರ್ಮ್ಯಾಟ್ ಅಂದರೆ ಸಿ ಡ್ರೈವಿನಲ್ಲಿರುವ ಫಾಂಟು, ಪ್ರೋಗ್ರಾಂ, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲ ಹೋಗುತ್ತದೆ. ಪೇಜ್‌ಮೇಕರ್ ಸಿಡಿ ಎಲ್ಲಿದೆ ಅಂತ ನನಗೆ ನೆನಪಿಲ್ಲ. ಅಸಲಿ ವಿಂಡೋಸ್ 10 ಇದ್ದವರಿಗೆ 11 ಪುಕ್ಕಟೆ, ಅದೂ ಇರುವುದನ್ನೆಲ್ಲ ಇದ್ದ ಹಾಗೇ ಇಟ್ಟು ಮೇಲಿನಿಂದ ಏರಿಸಬಹುದು. ಐನೂರು ಉಳಿಯಿತು ಅಂದುಕೊಂಡೆ. ಆಮೇಲೆ ಎಷ್ಟು ಖರ್ಚಾಯಿತು ಅನ್ನುವುದು ಮುಂದೆ ಬರುತ್ತದೆ.

ಅವತ್ತು ಸಂಜೆ ದೊಡ್ಡ ತಪ್ಪು ಮಾಡಿದೆ. ಬ್ಯಾಕಪ್ ಇನ್ನೂ ತೆಗೆದಿರಲಿಲ್ಲ. ವಿಡಿಯೋ ಒಂದನ್ನು ನೋಡಿಕೊಂಡು ಡಿಲೀಟ್ ಕೀ ಒತ್ತುತ್ತಾ ಬಯಾಸ್ ಒಳಗೆ ಹೋದೆ. ಪಿಟಿಟಿ ಆನ್ ಮಾಡಿದೆ. ಸೆಕ್ಯೂರ್ ಬೂಟ್ ಬೇಕಲ್ಲ, ಅದಕ್ಕೆ ಹಳೇ ರೀತಿಯಲ್ಲಿ ಬೂಟ್ ಆಗಲು ಬಿಡುವ ಸಿಎಸ್‌ಎಂ ಅನ್ನುವುದನ್ನು ಆಫ್ ಮಾಡಬೇಕು ಅಂತ ಆ ವಿಡಿಯೋದಲ್ಲಿ ಇತ್ತು, ಮಾಡಿದೆ. ಸೇವ್ ಮಾಡಿ ಹೊರಗೆ ಬಂದರೆ ಕಪ್ಪು ಪರದೆ. ಬೂಟ್ ಆಗುವ ಡಿಸ್ಕೇ ಇಲ್ಲ, ಡಿಸ್ಕ್ ಹಾಕಿ ಕೀ ಒತ್ತಿ ಅಂತ ಬಿಳಿ ಅಕ್ಷರದಲ್ಲಿ ಒಂದು ಸಾಲು. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಮೇಷ್ಟ್ರ ಮುಖ ಕಣ್ಣ ಮುಂದೆ ಬಂತು. ಸುಳ್ಳು ಹೇಳುತ್ತಿಲ್ಲ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. "ಚಿಕ್ಕಮ್ಮ, ಅಳ್ಬೇಡ, ಏನೂ ಹೋಗಿಲ್ಲ. ಬದಲಾಯಿಸಿದ್ದನ್ನ ವಾಪಸ್ ಬದಲಾಯಿಸು" ಅಂದ. ಸಿಎಸ್‌ಎಂ ಮತ್ತೆ ಆನ್ ಮಾಡಿದ ಕೂಡಲೇ ವಿಂಡೋಸ್ ಬಂತು. ಆಮೇಲೆ ಅವನು ಬಿಡಿಸಿ ಹೇಳಿದ್ದು ಇಷ್ಟು. ಕಂಪ್ಯೂಟರ್ ಶುರುವಾಗುವ ರೀತಿ ಎರಡು, ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ಡಿಸ್ಕನ್ನು ಭಾಗ ಮಾಡುವ ರೀತಿಯೂ ಎರಡು, ಹಳೆಯದು ಎಂಬಿಆರ್, ಹೊಸದು ಜಿಪಿಟಿ. ನನ್ನ ಬೋರ್ಡಿಗೆ ಹೊಸ ರೀತಿ ಬರುತ್ತಿದ್ದರೂ ಅಸೆಂಬಲ್ ಮಾಡಿದವರು ಹಳೇ ರೀತಿಯಲ್ಲೇ ವಿಂಡೋಸ್ ಹಾಕಿಕೊಟ್ಟಿದ್ದರು. ಡಿಸ್ಕು ಎಂಬಿಆರ್ ಆಗಿರುವಾಗ ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಎಲ್ಲಿದೆ ಅಂತ ಬೋರ್ಡಿಗೆ ಗೊತ್ತಾಗುವುದಿಲ್ಲ. ಮೊದಲು ಡಿಸ್ಕನ್ನು ಜಿಪಿಟಿ ಮಾಡಬೇಕು, ಆಮೇಲೆ ಬಯಾಸ್ ಮುಟ್ಟಬೇಕು. ನಾನು ಉಲ್ಟಾ ಮಾಡಿದ್ದೆ. ಬಯಾಸ್‌ನಲ್ಲಿ ಏನನ್ನಾದರೂ ಬದಲಾಯಿಸುವ ಮೊದಲು ಪ್ರತಿ ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ನಾನು ಆಮೇಲೆ ತೆಗೆದುಕೊಂಡೆ.

ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಮಾತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ನಮಗೆ ಗೊತ್ತಿಲ್ಲದೆ ಆನ್ ಆಗಿರುತ್ತದೆ. ಆಗ ಬಯಾಸ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯೊಳಗೆ ಇರುತ್ತದೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಕೆಲಸ ಮುಗಿಯುವ ತನಕ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಆ ಕೀ ಇಲ್ಲದಿದ್ದರೆ ಫೈಲುಗಳು ಒಳಗೇ ಇದ್ದರೂ ಇಲ್ಲದ ಹಾಗೆ.

ಶುಕ್ರವಾರ ಪೂರ್ತಿ ಬ್ಯಾಕಪ್‌ಗೆ ಹೋಯಿತು. ಬೆಳಿಗ್ಗೆ ಹೋಗಿ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆ, 4,800 ರೂಪಾಯಿ. ಸಿಪಿಯು ಡಬ್ಬದ ಮುಂದಿನ ತೂತಿಗೆ ಚುಚ್ಚಿ ಕಾಪಿ ಕೊಟ್ಟೆ. 180 ಜಿಬಿ ಹತ್ತಿರ ಇತ್ತು. ಅರ್ಧ ಗಂಟೆಗೊಮ್ಮೆ ನೋಡಿದರೆ ಇನ್ನೂ ಐದು ಗಂಟೆ, ಇನ್ನೂ ಆರು ಗಂಟೆ ಅಂತ ಸಮಯ ಮುಂದೆ ಮುಂದೆ ಹೋಗುತ್ತಿದೆ. ಮುಂದಿನದು ಹಳೇ ಯುಎಸ್‌ಬಿ 2 ಅಂತ ಆಮೇಲೆ ಹೊಳೆಯಿತು. ಹಿಂದುಗಡೆ ನೀಲಿ ಬಣ್ಣದ ಪೋರ್ಟ್ ಇರುತ್ತದೆ ನೋಡಿ, ಅದು ಯುಎಸ್‌ಬಿ 3. ಅದಕ್ಕೆ ಬದಲಾಯಿಸಿದ ಮೇಲೆ ಸರಸರ ಓಡಿತು. ಸಾವಿರಾರು ಸಣ್ಣ ಫೈಲ್ ಇರುವ ಫೋಲ್ಡರ್‌ಗಳು ಮಾತ್ರ ಆಗಲೂ ತೆವಳಿದವು.

2012ರ ಜಾತ್ರೆ ಫೋಟೋಗಳ ಫೋಲ್ಡರಿನಲ್ಲಿ ಕಾಪಿ ನಿಂತುಬಿಟ್ಟಿತು. ಸೈಕ್ಲಿಕ್ ರಿಡಂಡೆನ್ಸಿ ಎರರ್ ಅಂತೆ. ಅಂದರೆ ಆ ಹಳೇ ಡಿಸ್ಕಿನ ಆ ಜಾಗ ಓದಲು ಬರುತ್ತಿಲ್ಲ. ಎರಡು ಫೋಟೋ ಬಿಟ್ಟು ಮುಂದೆ ಹೋದೆ. ಇವೆರಡು ಅಪ್‌ಗ್ರೇಡಿನಿಂದ ಹೋದದ್ದಲ್ಲ, ಯಾವಾಗಲೋ ಹೋಗಿದ್ದವು, ನನಗೆ ಗೊತ್ತಾದದ್ದು ಅವತ್ತು.

ಡಿ ಮತ್ತು ಇ ಡ್ರೈವನ್ನು ಯಾರಾದರೂ ಕಾಪಿ ಮಾಡುತ್ತಾರೆ. ಮರೆಯುವುದು ಸಿ ಡ್ರೈವಿನೊಳಗೆ ಚದುರಿರುವುದನ್ನು. ಡೆಸ್ಕ್‌ಟಾಪ್ ಮೇಲೆ ನನ್ನದು 11 ಜಿಬಿ ಇತ್ತು! ಡೌನ್‌ಲೋಡ್ಸ್‌ನಲ್ಲಿ ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸಿದ ವರನ ಫೋಟೋ, ವಧುವಿನ ಫೋಟೋ, ಆಧಾರ್ ಪ್ರತಿ ಎಲ್ಲ. ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್. ಫೋಟೋಶಾಪಿನ ಬ್ರಷ್‌ಗಳು. ಔಟ್‌ಲುಕ್ ಬಳಸುವವರಾದರೆ ಅದರ ಪಿಎಸ್‌ಟಿ ಫೈಲು. ಒಂದೊಂದೇ ನೆನಪು ಮಾಡಿಕೊಂಡು ಚೀಟಿಯಲ್ಲಿ ಬರೆದು ಟಿಕ್ ಹಾಕುತ್ತಾ ಹೋದೆ.

ರಾತ್ರಿ ಮನೆಗೆ ಡಿಸ್ಕ್ ತಗೊಂಡು ಹೋಗಿ ಮಗಳ ಲ್ಯಾಪ್‌ಟಾಪಿಗೆ ಹಾಕಿ, ನುಡಿಯಲ್ಲಿ ಟೈಪ್ ಮಾಡಿದ ಒಂದು ವರ್ಡ್ ಫೈಲ್ ತೆರೆದೆ. ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ತಲೆ ಮೇಲೆ ಕೊಂಬು, ಚುಕ್ಕಿ, ಟೋಪಿ ಹಾಕಿದ ಹಾಗೆ ಏನೇನೋ ಗೀಚು. ಇನ್ನೊಂದು ತೆರೆದೆ, ಅದೂ ಹಾಗೇ. ಬ್ಯಾಕಪ್ ಕೆಟ್ಟುಹೋಗಿದೆ ಅಂತ ಗಾಬರಿಯಾಗಿ ಹತ್ತು ನಿಮಿಷ ಸುಮ್ಮನೆ ಕೂತೆ. ಆಮೇಲೆ ನನಗೇ ನಗು ಬಂತು. ಹದಿನೇಳು ವರ್ಷ ಡಿಟಿಪಿ ಮಾಡಿದವಳಿಗೆ ಇದು ಹೊಳೆಯಬೇಡವಾ! ಆ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟ್ ಇಲ್ಲ.

ಕನ್ನಡದವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ನುಡಿ, ಬರಹ ಅನ್ನುವ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿ) ಅಲ್ಲ. ಫೈಲಿನೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಅದನ್ನು ಕನ್ನಡದ ಆಕಾರದಲ್ಲಿ ತೋರಿಸುವುದು ಆ ಫಾಂಟು ಮಾತ್ರ. ಫಾರ್ಮ್ಯಾಟ್ ಹೊಡೆಸಿ, ಫೈಲ್ ಎಲ್ಲ ಇದ್ದರೂ ಒಂದೂ ಓದಲಾಗುತ್ತಿಲ್ಲ ಅಂತ ಗೋಳಾಡುವವರನ್ನು ನಾನೇ ನೋಡಿದ್ದೇನೆ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರ್ ತೆರೆದು, ನೀವು ಬಳಸುವ ಕನ್ನಡ ಫಾಂಟ್ ಎಲ್ಲವನ್ನೂ ಆರಿಸಿ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನುಡಿಯ ಇನ್‌ಸ್ಟಾಲ್ ಫೈಲನ್ನೂ ಜೊತೆಗೆ ಇಡಿ. ತೀರಾ ಮುಖ್ಯವಾದದ್ದನ್ನು ಪಿಡಿಎಫ್ ಮಾಡಿಡಿ, ಅದರೊಳಗೆ ಫಾಂಟ್ ಸೇರಿಕೊಳ್ಳುವ ಹಾಗೆ ನೋಡಿಕೊಂಡು. ಮೇಷ್ಟ್ರ ಪುಸ್ತಕವನ್ನು ಮೊದಲು ಪಿಡಿಎಫ್ ಮಾಡಿದೆ. ಯೂನಿಕೋಡಿಗೂ ಪರಿವರ್ತಿಸಿದೆ. ಅರ್ಕಾವೊತ್ತು ಬಂದ ಕಡೆ ಕೆಲವು ಕೆಟ್ಟು ಕೂತಿವೆ, ಕೂತು ತಿದ್ದಬೇಕು. ಅದು ಬೇರೆ ತಿಂಗಳಿನ ಕೆಲಸ.

ಶನಿವಾರ ಡಿಸ್ಕ್ ಪರಿವರ್ತನೆ. ವಿಂಡೋಸ್ 10ರಲ್ಲೇ ಅದಕ್ಕೊಂದು ಕಮಾಂಡ್ ಇದೆ, ಎಂಬಿಆರ್2ಜಿಪಿಟಿ ಅಂತ. ಫೈಲುಗಳನ್ನು ಅಳಿಸದೆ ಡಿಸ್ಕಿನ ರೀತಿಯನ್ನಷ್ಟೇ ಬದಲಾಯಿಸುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು ವ್ಯಾಲಿಡೇಟ್ ಅಂತ ಕೊಟ್ಟು ಪರೀಕ್ಷೆ ಮಾಡಬೇಕು. ಅದು ಏನನ್ನೂ ಬದಲಾಯಿಸುವುದಿಲ್ಲ, ಆಗುತ್ತದಾ ಇಲ್ಲವಾ ಅಂತ ಹೇಳುತ್ತದೆ ಅಷ್ಟೆ. ವಿಂಡೋಸ್ ನಡೆಯುತ್ತಿರುವಾಗಲೇ ಮಾಡುವುದಾದರೆ ಕೊನೆಗೆ ಅಲೋಫುಲ್‌ಓಎಸ್ (/allowFullOS) ಅಂತ ಸೇರಿಸಬೇಕು. ಡಿಸ್ಕ್ ಸಂಖ್ಯೆ ಸರಿಯಾಗಿ ಕೊಡಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿದರೆ ನನ್ನ ಎಸ್‌ಎಸ್‌ಡಿ ಡಿಸ್ಕ್ 0, ಹಳೇ ಹಾರ್ಡ್ ಡಿಸ್ಕ್ 1 ಅಂತ ಇತ್ತು. ಬದಲಾಯಿಸಬೇಕಾದ್ದು ವಿಂಡೋಸ್ ಇರುವ ಡಿಸ್ಕನ್ನು ಮಾತ್ರ. ಡೇಟಾ ಡಿಸ್ಕು ಎಂಬಿಆರ್ ಆಗಿಯೇ ಇದ್ದರೂ ಏನೂ ತೊಂದರೆ ಇಲ್ಲ.

ಪರೀಕ್ಷೆ ಫೇಲ್. ಯಾಕೆ ಅಂತ ಆ ಕಪ್ಪು ಕಿಟಕಿ ಬಿಡಿಸಿ ಹೇಳುವುದಿಲ್ಲ. ಅಕ್ಕನ ಮಗ ಡಿಸ್ಕ್ ಮ್ಯಾನೇಜ್‌ಮೆಂಟಿನ ಚಿತ್ರ ಕಳಿಸು ಅಂದ. ನೋಡಿದವನೇ, "ನಾಲ್ಕು ಪಾರ್ಟಿಷನ್ ಇದೆಯಲ್ಲ ಚಿಕ್ಕಮ್ಮ, ಮೂರಕ್ಕಿಂತ ಜಾಸ್ತಿ ಇರಬಾರದು" ಅಂದ. ಪಾರ್ಟಿಷನ್ ಅಂದರೆ ಡಿಸ್ಕಿನ ಒಂದೊಂದು ಭಾಗ. ನನಗೆ ಕಾಣುತ್ತಿದ್ದದ್ದು ಸಿ ಮತ್ತು ಡಿ ಎರಡೇ. ಹೆಸರಿಲ್ಲದ ಇನ್ನೆರಡು ಇದ್ದವು, ಒಂದು ಸಿಸ್ಟಂ ರಿಸರ್ವ್ಡ್, ಇನ್ನೊಂದು ಸುಮಾರು 500 ಎಂಬಿಯ ರಿಕವರಿ. ಪರಿವರ್ತನೆಗಾಗಿ ಹೊಸದಾಗಿ ಸೇರಬೇಕಾದ ಪಾರ್ಟಿಷನ್ನಿಗೆ ಎಂಬಿಆರ್ ಪಟ್ಟಿಯಲ್ಲಿ ಜಾಗ ಇಲ್ಲ. ಒಂದು ಭಾಗದೊಳಗೆ ಮತ್ತೆ ಭಾಗ ಮಾಡುವ ಲಾಜಿಕಲ್ ಪಾರ್ಟಿಷನ್ ಮಾಡಿಕೊಟ್ಟಿದ್ದರೂ ಇದು ಒಪ್ಪುವುದಿಲ್ಲ. ಒಂದೇ ಡಿಸ್ಕಿನಲ್ಲಿ ಸಿ, ಡಿ, ಇ, ಎಫ್ ಅಂತ ಸಾಲಾಗಿ ಮಾಡಿಸಿಕೊಂಡಿರುವವರಿಗೆ ಇಲ್ಲೇ ಸಿಕ್ಕಿಹಾಕಿಕೊಳ್ಳುವ ಸಂಭವ ಜಾಸ್ತಿ.

ಅಂದರೆ ಡಿ ಡ್ರೈವನ್ನು ಡಿಲೀಟ್ ಮಾಡಬೇಕು. ನನ್ನ ಎಲ್ಲ ಕೆಲಸ ಇರುವುದು ಅಲ್ಲೇ. ಬ್ಯಾಕಪ್ ಇದೆ, ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದ್ದೇನೆ, ಎಲ್ಲ ಗೊತ್ತು. ಆದರೂ ಡಿಲೀಟ್ ವಾಲ್ಯೂಂ ಅಂತ ಒತ್ತಲು ಕೈ ಬರಲಿಲ್ಲ. ಎದ್ದುಹೋಗಿ ಕಾಫಿ ಕುಡಿದು ಬಂದೆ. ಡಿ ಡ್ರೈವಿನ ಪ್ರಾಪರ್ಟೀಸಿನಲ್ಲಿ ಎಷ್ಟು ಫೈಲ್ ಇದೆ, ಬ್ಯಾಕಪ್ಪಿನಲ್ಲಿ ಎಷ್ಟಿದೆ ಅಂತ ಸಂಖ್ಯೆ ಹೋಲಿಸಿದೆ. ಸರಿ ಇತ್ತು. ಎಕ್ಸ್‌ಟರ್ನಲ್ ಡಿಸ್ಕನ್ನು ಕಿತ್ತು ಬ್ಯಾಗಿನೊಳಗೆ ಇಟ್ಟೆ, ತಪ್ಪಿ ಅದನ್ನೇ ಅಳಿಸಿಬಿಟ್ಟರೆ ಅಂತ. ಆಮೇಲೆ ಒತ್ತಿದೆ.

ಈ ಸಲ ಪರೀಕ್ಷೆ ಪಾಸ್. ಪರಿವರ್ತನೆಗೆ ಹಿಡಿದದ್ದು ಒಂದು ನಿಮಿಷವೂ ಇಲ್ಲ. ಎರಡು ದಿನ ಹೆದರಿದ್ದು ಇದಕ್ಕಾ ಅನ್ನಿಸಿತು. ಕೊನೆಯಲ್ಲಿ ರೀಏಜೆಂಟ್ ಫೈಲ್ ಅಪ್‌ಡೇಟ್ ಆಗಲಿಲ್ಲ ಅಂತ ಒಂದು ಸಾಲು ಬಂತು. ಅದಕ್ಕೆ ಗಾಬರಿ ಬೇಡ. ಪರಿವರ್ತನೆ ಆಗಿರುತ್ತದೆ, ರಿಕವರಿ ವ್ಯವಸ್ಥೆಯನ್ನು ರೀಏಜೆಂಟ್‌ಸಿ ಕಮಾಂಡಿನಿಂದ ಒಮ್ಮೆ ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿದರೆ ಆಯಿತು. ಈಗ ಬಯಾಸಿಗೆ ಹೋಗಿ ಸಿಎಸ್‌ಎಂ ಆಫ್, ಸೆಕ್ಯೂರ್ ಬೂಟ್ ಆನ್. ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನುವ ಹೆಸರು ಬಂದಿತ್ತು, ಅದನ್ನು ಮೇಲಕ್ಕೆ ತಂದೆ. ಉಸಿರು ಬಿಗಿಹಿಡಿದು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಬಂತು. ಹೆಲ್ತ್ ಚೆಕ್ ಮತ್ತೆ ಒತ್ತಿದೆ. ಎಲ್ಲ ಹಸಿರು.

ಖಾಲಿ ಬಿದ್ದ ಜಾಗದಲ್ಲಿ ಮತ್ತೆ ಪಾರ್ಟಿಷನ್ ಮಾಡಿ ಫೈಲುಗಳನ್ನು ವಾಪಸ್ ಹಾಕಿದೆ. ಅದು ಎಫ್ ಅಂತ ಹೆಸರು ತಗೊಂಡುಬಿಟ್ಟಿತ್ತು. ಏನು ಮಹಾ ಅಂತ ಬಿಟ್ಟಿದ್ದರೆ, ಪೇಜ್‌ಮೇಕರ್ ಫೈಲ್ ತೆರೆದಾಗ ಒಂದೊಂದು ಚಿತ್ರಕ್ಕೂ ಎಲ್ಲಿದೆ ಎಲ್ಲಿದೆ ಅಂತ ಕೇಳುತ್ತಿತ್ತು. ಚಿತ್ರಗಳ ಕೊಂಡಿ ಡಿ ಅನ್ನುವ ಹೆಸರಿಗೇ ಕಟ್ಟಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅಕ್ಷರ ಬದಲಾಯಿಸಿ ಡಿ ಮಾಡಿದ ಮೇಲೆ ಸರಿಹೋಯಿತು.

ಭಾನುವಾರ ನಿಜವಾದ ಅಪ್‌ಗ್ರೇಡ್. ಅದಕ್ಕೂ ಮೊದಲು ಯುಪಿಎಸ್ ವಿಷಯ. ನನ್ನ ಯುಪಿಎಸ್ ಕರೆಂಟ್ ಹೋದರೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. 12 ವೋಲ್ಟಿನ ಹೊಸ ಬ್ಯಾಟರಿ ಹಾಕಿಸಿದೆ, 1,050 ರೂಪಾಯಿ. ದುಡ್ಡು ಸಾರ್ಥಕವಾದದ್ದು ಮುಂದೆ ಗೊತ್ತಾಗುತ್ತದೆ.

ಮೈಕ್ರೋಸಾಫ್ಟಿನ ಜಾಲತಾಣದಿಂದ ವಿಂಡೋಸ್ 11ರ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲ್ ಡಿಸ್ಕನ್ನು ಒಂದೇ ಫೈಲ್ ಮಾಡಿದ್ದು) ಇಳಿಸಿಕೊಂಡೆ, 5 ಜಿಬಿಗಿಂತ ಜಾಸ್ತಿ. ವಿಂಡೋಸ್ 10ರಲ್ಲಿ ಅದರ ಮೇಲೆ ಎರಡು ಸಲ ಒತ್ತಿದರೆ ಸಿಡಿ ಹಾಕಿದ ಹಾಗೆ ತೆರೆದುಕೊಳ್ಳುತ್ತದೆ, ಒಳಗಿನ ಸೆಟಪ್ ಓಡಿಸಿದರೆ ಸಾಕು. ಏನನ್ನು ಉಳಿಸಿಕೊಳ್ಳಬೇಕು ಅಂತ ಕೇಳುವ ಪರದೆ ಬಂತು. ಫೈಲು ಮತ್ತು ಆಪ್ ಎರಡನ್ನೂ ಇಟ್ಟುಕೋ ಅನ್ನುವ ಸಾಲು ಮಸುಕಾಗಿತ್ತು. ಒತ್ತಲು ಬರಲಿಲ್ಲ. ಬರುತ್ತಿದ್ದದ್ದು ಬರೀ ಫೈಲ್ ಇಟ್ಟುಕೋ, ಇಲ್ಲವೇ ಏನೂ ಬೇಡ. ಬರೀ ಫೈಲ್ ಅಂದರೆ ಪೇಜ್‌ಮೇಕರ್, ನುಡಿ ಎಲ್ಲ ಹೋಯಿತು ಅಂತಲೇ. ದಯವಿಟ್ಟು ಇಲ್ಲಿ ನೆಕ್ಸ್ಟ್ ಒತ್ತಬೇಡಿ. ಕಾರಣ ಕೇಳಿದರೆ ನಗು ಬರುತ್ತದೆ. ನನ್ನ ವಿಂಡೋಸ್ ಅಮೆರಿಕದ ಇಂಗ್ಲಿಷಿನದು. ನಾನು ಇಳಿಸಿದ್ದು ಇಂಗ್ಲಿಷ್ ಇಂಟರ್‌ನ್ಯಾಷನಲ್. ಭಾಷೆ ಹೊಂದದಿದ್ದರೆ ಆಪ್‌ಗಳನ್ನು ಉಳಿಸಲು ಬಿಡುವುದಿಲ್ಲ. ಇನ್ನೊಂದು ಸಲ ಇಳಿಸಬೇಕಾಯಿತು. ಒಂದೂವರೆ ಗಂಟೆ ದಂಡ.

ಎರಡನೇ ಸಲ ಆ ಸಾಲು ಒತ್ತಲು ಬಂತು. ಆದರೆ ಇನ್ನೊಂದು ತಡೆ. ಫಾಂಟ್ ಪ್ಯಾಕೇಜಿನ ಡಾಂಗಲ್ಲಿಗೆ ಇದ್ದ ಹಳೇ ಡ್ರೈವರ್ (ಅದನ್ನು ಕಂಪ್ಯೂಟರಿಗೆ ಗುರುತು ಹಿಡಿಸುವ ಸಾಫ್ಟ್‌ವೇರ್) ಇದಕ್ಕೆ ಹೊಂದುವುದಿಲ್ಲ, ತೆಗೆದುಹಾಕಿ ಅಂತ ಬಂತು. ತೆಗೆದೆ. ಡಾಂಗಲ್ಲನ್ನೂ ಪ್ರಿಂಟರನ್ನೂ ಬಿಚ್ಚಿದೆ, ಬ್ಯಾಕಪ್ ಡಿಸ್ಕಂತೂ ಮನೆಯಲ್ಲೇ ಇತ್ತು. ಅಪ್‌ಗ್ರೇಡ್ ಆಗುವಾಗ ಕೀಬೋರ್ಡ್, ಮೌಸ್ ಬಿಟ್ಟು ಮಿಕ್ಕದ್ದೆಲ್ಲ ಬಿಚ್ಚಿರುವುದು ಒಳ್ಳೆಯದು. ಸಿ ಡ್ರೈವಿನಲ್ಲಿ 40 ಜಿಬಿಯಾದರೂ ಖಾಲಿ ಇರುವ ಹಾಗೆ ಮಾಡಿಕೊಂಡಿದ್ದೆ.

ಮಧ್ಯಾಹ್ನ ಎರಡೂಕಾಲಿಗೆ ಶುರುವಾಯಿತು. 32 ಪರ್ಸೆಂಟಿಗೆ ಬಂದು ನಿಂತುಬಿಟ್ಟಿತು. ಐದು ನಿಮಿಷ, ಹತ್ತು, ಇಪ್ಪತ್ತೈದು. ಆಫ್ ಮಾಡಿಬಿಡೋಣ ಅಂತ ಕೈ ತುರಿಸುತ್ತದೆ, ಮಾಡಬೇಡಿ. ಸಿಪಿಯು ಮುಂದಿನ ಹಾರ್ಡ್ ಡಿಸ್ಕ್ ಲೈಟು ಮಿಣಮಿಣ ಅನ್ನುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ. ನಲವತ್ತು ನಿಮಿಷ ಆದಮೇಲೆ ಮುಂದೆ ಹೋಯಿತು. ಮೂರು ಸಲ ತಾನೇ ರೀಸ್ಟಾರ್ಟ್ ಆಯಿತು. 62 ಪರ್ಸೆಂಟ್ ಇದ್ದಾಗ ಫ್ಯಾನ್ ನಿಂತಿತು, ಲೈಟು ಹೋಯಿತು, ಯುಪಿಎಸ್ ಕುಂಯ್ ಕುಂಯ್ ಅನ್ನಲು ಶುರು ಮಾಡಿತು.

ಮಾನಿಟರ್ ಆಫ್ ಮಾಡಿದೆ, ಅಷ್ಟಾದರೂ ಬ್ಯಾಟರಿ ಉಳಿಯಲಿ ಅಂತ. ಕತ್ತಲಲ್ಲಿ ಆ ಸಣ್ಣ ಕೆಂಪು ಲೈಟನ್ನೇ ನೋಡುತ್ತಾ ಕೂತೆ. ಎದುರಿನ ಬೇಕರಿಯವರು ಬಂದು, ಏನಕ್ಕ ಭಾನುವಾರವೂ ಅಂಗಡಿ ತೆಗೆದಿದ್ದೀರಾ ಅಂತ ಕೇಳಿದರು. ಏನು ಹೇಳಲಿ? ಹನ್ನೊಂದು ನಿಮಿಷಕ್ಕೆ ಕರೆಂಟ್ ಬಂತು. ಮಾನಿಟರ್ ಹಾಕಿದರೆ 71. ಹಳೇ ಬ್ಯಾಟರಿ ಇದ್ದಿದ್ದರೆ ಆ ಹನ್ನೊಂದು ನಿಮಿಷದಲ್ಲಿ ಏನಾಗುತ್ತಿತ್ತೋ. ಮಧ್ಯದಲ್ಲಿ ನಿಂತರೆ ಸಾಮಾನ್ಯವಾಗಿ ವಿಂಡೋಸ್ ತಾನೇ ಹಿಂದಕ್ಕೆ ಹೋಗಲು ನೋಡುತ್ತದೆ ಅಂತ ಅಕ್ಕನ ಮಗ ಆಮೇಲೆ ಹೇಳಿದ. ಆಗಲೇ ಹೇಳಿದ್ದರೆ ನನ್ನ ಬಿಪಿ ಉಳಿಯುತ್ತಿತ್ತು.

ಐದು ಗಂಟೆ ಹೊತ್ತಿಗೆ ವಿಂಡೋಸ್ 11 ಬಂತು. ಖುಷಿಯಲ್ಲಿ ಬಂದ ಪರದೆಗಳಿಗೆಲ್ಲ ಯೆಸ್, ನೆಕ್ಸ್ಟ್ ಅಂತ ಒತ್ತಿಬಿಟ್ಟೆ. ಅದರಲ್ಲೊಂದು ಒನ್‌ಡ್ರೈವ್ ಬ್ಯಾಕಪ್. ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿ ಕೂತಿತು. ಪುಕ್ಕಟೆ ಸಿಗುವ ಜಾಗ 5 ಜಿಬಿ, ನನ್ನ ಡೆಸ್ಕ್‌ಟಾಪ್ 11 ಜಿಬಿ. ತುಂಬಿದೆ ತುಂಬಿದೆ ಅಂತ ಎಚ್ಚರಿಕೆ ಮೇಲೆ ಎಚ್ಚರಿಕೆ. ಅದನ್ನು ನೋಡಿ ಅಲ್ಲಿಂದಲೇ ಫೈಲ್ ಅಳಿಸಲು ಹೋಗಬೇಡಿ, ಕಂಪ್ಯೂಟರಿನಿಂದಲೂ ಹೋಗಿಬಿಡುತ್ತದೆ. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿಲ್ಲಿಸಿ, ಫೈಲುಗಳನ್ನು ಮೊದಲಿನ ಜಾಗಕ್ಕೆ ತಂದುಕೊಂಡೆ.

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆದೆ. ಪೇಜ್‌ಮೇಕರ್ ತೆರೆಯಿತು. ಮೊದಲು ತೆರೆದದ್ದು ಮೇಷ್ಟ್ರ ಫೈಲನ್ನು. ಮುನ್ನೂರು ಪುಟವೂ ಇತ್ತು, ಒತ್ತಕ್ಷರ ಒಂದೂ ಜರುಗಿರಲಿಲ್ಲ. ಆದರೆ ನುಡಿ ಆನ್ ಮಾಡಿ ಟೈಪ್ ಮಾಡಿದರೆ ಇಂಗ್ಲಿಷೇ ಬರುತ್ತಿದೆ. ನೋಟ್‌ಪ್ಯಾಡಿನಲ್ಲಿ ನುಡಿ ಕೆಲಸ ಮಾಡುತ್ತದೆ, ಪೇಜ್‌ಮೇಕರಿನಲ್ಲಿ ಇಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಪೇಜ್‌ಮೇಕರ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತದೆ, ನುಡಿ ಮಾಮೂಲಾಗಿ ಓಡುತ್ತಿತ್ತು. ಕೆಳಗಿನವನ ಮಾತು ಮೇಲಿನವನಿಗೆ ಕೇಳಿಸುವುದಿಲ್ಲ. ನುಡಿಯನ್ನೂ ರನ್ ಆಸ್ ಅಡ್ಮಿನಿಸ್ಟ್ರೇಟರ್ ಮಾಡಿದ ಕೂಡಲೇ ಕನ್ನಡ ಬಂತು. ಡಾಂಗಲ್ಲಿಗೆ ಪ್ಯಾಕೇಜ್ ಮಾರಿದವರಿಗೆ ಫೋನ್ ಮಾಡಿ ಹೊಸ ಡ್ರೈವರ್ ತರಿಸಿಕೊಂಡೆ. ಹಳೇ ಲೇಸರ್ ಪ್ರಿಂಟರ್ ಹೆಸರು ತೋರಿಸುತ್ತಿತ್ತು, ಪ್ರಿಂಟ್ ಬರುತ್ತಿರಲಿಲ್ಲ. ಅದನ್ನು ಪೂರ್ತಿ ತೆಗೆದುಹಾಕಿ ಮತ್ತೆ ಸೇರಿಸಿದರೆ ಸರಿಹೋಯಿತು.

ಖರ್ಚಿನ ಲೆಕ್ಕ: ಎಕ್ಸ್‌ಟರ್ನಲ್ ಡಿಸ್ಕ್ 4,800, ಯುಪಿಎಸ್ ಬ್ಯಾಟರಿ 1,050, ಏನಾದರೂ ಆದರೆ ಬೂಟ್ ಮಾಡಲು ಇರಲಿ ಅಂತ ಮಾಡಿಟ್ಟುಕೊಂಡ ಪೆನ್ ಡ್ರೈವ್ 380. ಒಟ್ಟು 6,230. ಪೆನ್ ಡ್ರೈವ್ ಬೇಕಾಗಲೇ ಇಲ್ಲ. ವಿಂಡೋಸಿಗೆ ಒಂದು ರೂಪಾಯಿಯೂ ಇಲ್ಲ. ಮೂರು ದಿನದ ವ್ಯಾಪಾರ ಹೋದದ್ದನ್ನು ಲೆಕ್ಕ ಹಾಕಿಲ್ಲ.

ಇವತ್ತಿಗೆ ಎಂಟನೇ ದಿನ. ಸಿ ಡ್ರೈವಿನಲ್ಲಿ ವಿಂಡೋಸ್ ಓಲ್ಡ್ ಅನ್ನುವ ದೊಡ್ಡ ಫೋಲ್ಡರ್ ಕೂತಿದೆ. ಹತ್ತು ದಿನದೊಳಗೆ ಬೇಡ ಅನ್ನಿಸಿದರೆ ಅದರಿಂದಲೇ ಹಳೇ ವಿಂಡೋಸಿಗೆ ವಾಪಸ್ ಹೋಗಬಹುದು. ಜಾಗ ಬೇಕು ಅಂತ ಅದನ್ನು ಮೊದಲೇ ಅಳಿಸಬೇಡಿ. ನಾನು ವಾಪಸ್ ಹೋಗುವುದಿಲ್ಲ. ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದಿತ್ತು, ಸೆಟ್ಟಿಂಗ್ಸ್‌ಗೆ ಹೋಗಿ ಎಡಕ್ಕೆ ತಂದುಕೊಂಡೆ, ಕೈಗೆ ಅಭ್ಯಾಸ ಇದ್ದದ್ದು ಅದೇ. ಸ್ಕ್ಯಾನರ್ ಮಾತ್ರ ಇನ್ನೂ ಬಂದಿಲ್ಲ. ಅದರ ಡ್ರೈವರ್ ತೀರಾ ಹಳೆಯದು, ಹೊಸದು ಸಿಗುತ್ತಿಲ್ಲ. ಸದ್ಯಕ್ಕೆ ಗಿರಾಕಿಗಳ ಆಧಾರ್ ಕಾರ್ಡನ್ನು ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕಳಿಸಿಕೊಳ್ಳುತ್ತಿದ್ದೇನೆ.